ಹೊರಗಿನವರು ಯಾರು, ಊರವರು ಯಾರು?

ಪುತ್ತೂರು ಪೇಟೆಯ ಸುತ್ತ ತೋಟ, ಗುಡ್ಡ ಇದ್ದ ಕಡೆ ಈಗ ಲೇಔಟು, ಫ್ಲ್ಯಾಟುಗಳು ಎದ್ದಿವೆ. ಸುಳ್ಯದಲ್ಲಿ ಕಾಲೇಜುಗಳಿಂದಾಗಿ, ಕಡಬದಲ್ಲಿ ತಾಲೂಕು ಆದ ಮೇಲೆ ಇದೇ ಬದಲಾವಣೆ ಕಾಣುತ್ತಿದೆ. ಜಾಗದ ಬೆಲೆಯ ಜೊತೆಗೆ "ಹೊರಗಿನವರು ಬಂದು ಊರು ಕೆಟ್ಟಿತು" ಎಂಬ ಮಾತೂ ಏರಿದೆ. ಇದು ಎಷ್ಟು ಸರಿ?

ಈ ಭಾಗಕ್ಕೆ ವಲಸೆ ಹೊಸತಲ್ಲ. 1940ರ ದಶಕದಿಂದೀಚೆಗೆ ತಿರುವಾಂಕೂರು ಕಡೆಯ ಕೃಷಿಕರು ನೆಲ್ಯಾಡಿ, ಕಡಬ ಪರಿಸರಕ್ಕೆ ಬಂದರು. ಜಾಗ ಕ್ರಯಕ್ಕೆ ಪಡೆದು ಮರಗೆಣಸು, ಅನಂತರ ರಬ್ಬರ್ ಬೆಳೆಸಿದರು. ಅವರ ಮೊಮ್ಮಕ್ಕಳು ಇಂದು ತುಳು ಮಾತಾಡುತ್ತಾರೆ. ಅವರನ್ನು ಹೊರಗಿನವರು ಎನ್ನುವವರು ಕಡಿಮೆ.

ಇನ್ನೊಂದು ವಲಸೆಯ ಕಥೆ ಬೇರೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ ಸಿಲೋನಿನ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳರ ಪೈಕಿ 5.25 ಲಕ್ಷ ಜನರನ್ನು ಭಾರತ ಸ್ವೀಕರಿಸಬೇಕಿತ್ತು. ಹಾಗೆ ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಕೆಲಸ ಸಿಕ್ಕಿತೇ ಹೊರತು ಭೂಮಿ ಸಿಗಲಿಲ್ಲ. ಕ್ವಾರ್ಟರ್ಸ್ ನಿಗಮದ್ದು, ನಿವೃತ್ತಿಯಾದರೆ ಬಿಡಬೇಕು. ಜಾತಿ ಪ್ರಮಾಣಪತ್ರಕ್ಕೂ ವರ್ಷಗಟ್ಟಲೆ ಅಲೆದಾಟ. ಬೆಳಗಿನ ಜಾವ ಟ್ಯಾಪಿಂಗ್ ಮಾಡಿ ತಲೆಮಾರು ಕಳೆದರೂ ಅವರು ಇಂದಿಗೂ "ಸಿಲೋನಿನವರು".

ಇಬ್ಬರೂ ಬೇರೆ ಭಾಷೆಯವರೇ. ಒಬ್ಬರ ಕೈಯಲ್ಲಿ ಆರ್‌ಟಿಸಿ ಇದೆ, ಇನ್ನೊಬ್ಬರಲ್ಲಿ ಇಲ್ಲ. ದೊಡ್ಡ ವ್ಯತ್ಯಾಸ ಅಷ್ಟೇ.

ಜೈನ ಮನೆತನಗಳಿಗೆ ಕಾಗದದ ಬೆಲೆ ಚೆನ್ನಾಗಿ ಗೊತ್ತು. 1974ರ ಭೂಸುಧಾರಣೆಯಲ್ಲಿ ಚಾಲಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಹಕ್ಕುದಾರರಾದರು. ಅನೇಕ ಬೀಡು, ಗುತ್ತುಗಳ ಗದ್ದೆಗಳು ಕೈತಪ್ಪಿದವು. ಆ ನೋವು ನಿಜ. ಆದರೆ ಅದುವರೆಗೆ ಯಾವಾಗ ಬೇಕಾದರೂ ಎಬ್ಬಿಸಬಹುದಾಗಿದ್ದ ಒಕ್ಕಲು ಅಂದಿನಿಂದ ಸಮಾನ ನೆರೆಯವನಾದ ಎಂಬುದೂ ಅಷ್ಟೇ ನಿಜ.

ಇಂದಿನ ಪೇಟೆಗೂ ಇದೇ ಲೆಕ್ಕ ಹಾಕಿ ನೋಡಬೇಕು. ಹೊರಗಿನವರು ಜಾಗ ಕೊಳ್ಳುತ್ತಾರೆ ಸರಿ, ಮಾರುವವರು ಯಾರು? ಹೆಚ್ಚಾಗಿ ಊರವರೇ. ಬೆಲೆ ಏರಿದಾಗ ಜಾಗ ಇದ್ದವನಿಗೆ ಲಾಭ. ಬಾಯಿಮಾತಿನ ಬಾಡಿಗೆಯಲ್ಲಿ ಮೂವತ್ತು ವರ್ಷ ಅಂಗಡಿ ನಡೆಸಿದವನು ಇದೇ ಊರವನಾದರೂ ಕಟ್ಟಡ ಕೆಡವುವಾಗ ಬರಿಗೈಯಲ್ಲಿ ಹೊರಡುತ್ತಾನೆ. ಅವನ ಸಿಟ್ಟು ಹೊಸದಾಗಿ ಬಂದವರ ಮೇಲೆ ತಿರುಗುತ್ತದೆ.

ಈ ಸಿಟ್ಟು ತಣಿಯಬೇಕಾದರೆ ಉಪದೇಶ ಸಾಲದು. ಕಟ್ಟಡ ಇರುವ ಕುಟುಂಬಗಳು ಬಾಡಿಗೆ ಕರಾರನ್ನು ಬರವಣಿಗೆಯಲ್ಲಿ ಕೊಡಲಿ, ಬಿಡಿಸುವ ಮೊದಲು ಸಾಕಷ್ಟು ಸಮಯ ಕೊಡಲಿ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಅರ್ಹ ಬಡವರಿಗೆ 94ಸಿ, 94ಸಿಸಿ ಅರ್ಜಿ ಬರೆದುಕೊಡಲು ಸಮಾಜದ ಸ್ವಯಂಸೇವಕರು ಕೈಜೋಡಿಸಬಹುದು. ರಬ್ಬರ್ ಕಾರ್ಮಿಕರ ಮನೆ ನಿವೇಶನದ ತೀರ್ಮಾನ ಮಾತ್ರ ಸರ್ಕಾರದ್ದೇ. ಅದನ್ನು ಕೇಳುವಾಗ ಊರವರ ಧ್ವನಿಯೂ ಸೇರಬೇಕು.

ಅಪರಿಗ್ರಹವೆಂದರೆ ಆಸ್ತಿಯನ್ನೆಲ್ಲ ಬಿಟ್ಟುಬಿಡುವುದೆಂದು ಗೃಹಸ್ಥರಿಗೆ ಯಾರೂ ಹೇಳಿಲ್ಲ, ಮಿತಿ ಇಟ್ಟುಕೊಳ್ಳಿ ಎಂದಿದ್ದಾರೆ. ಸೆಂಟ್ಸ್ ಲೆಕ್ಕದಲ್ಲಿ ಜಾಗ ಮಾರುವ ಈ ಕಾಲದಲ್ಲಿ ಆ ಮಾತು ನೆನಪಿರಲಿ.