ಚೀಲ ತೆಗೆಸುವ ಮಾತು

“ಮಕ್ಕಳಾದ ಮ್ಯಾಲ ಗರ್ಭಚೀಲ ಯಾಕ ಬೇಕ್ರಿ? ತೆಗಿಸಿ ಒಗದ್ರ ತಿಂಗಳ ತಿಂಗಳ ಪಾಡು ತಪ್ಪತೈತಿ.” ಈ ಮಾತು ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಹಲ್ಲು ಕೀಳಿಸುವಾಗಲೂ ಜನ ಇದಕ್ಕಿಂತ ಹೆಚ್ಚು ಯೋಚಿಸುತ್ತಾರೆ. ಬಸ್ಸಿನಲ್ಲಿ ಕೇಳಿದ್ದೇನೆ, ಮದುವೆ ಮನೆಯಲ್ಲಿ ಕೇಳಿದ್ದೇನೆ, ಓದಿದವರೇ ಕೂತಿರುವ ನಮ್ಮ ಶಿಕ್ಷಕಿಯರ ಕೋಣೆಯಲ್ಲೂ ಕೇಳಿದ್ದೇನೆ. “ನಂದು ಮೂವತ್ತೆರಡಕ್ಕ ಆತ್ರಿ ಟೀಚರ್” ಎನ್ನುವವಳ ದನಿಯಲ್ಲಿ ದುಃಖವೂ ಇರುವುದಿಲ್ಲ. ನನಗೆ ಸಿಟ್ಟು ಆಕೆಯ ಮೇಲಲ್ಲ. ಬೇರೆ ದಾರಿ ಇದೆಯೆಂದು ಹೇಳದೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡವರ ಮೇಲೆ.

ಆಕೆ ದವಾಖಾನೆಗೆ ಹೋದದ್ದಾದರೂ ಏತಕ್ಕೆ? ಮುಟ್ಟು ಹದಿನೈದು ದಿನ ನಿಲ್ಲಲಿಲ್ಲ, ಗಡ್ಡೆಗಡ್ಡೆಯಾಗಿ ಹೋಯಿತು, ಇಲ್ಲವೆ ಮೂರು ತಿಂಗಳು ಬರಲೇ ಇಲ್ಲ. ಇಂಥವುಗಳಲ್ಲಿ ಎಷ್ಟೋ ಸಲ ತಪ್ಪು ಚೀಲದ್ದಲ್ಲ, ಹಾರ್ಮೋನಿನದು. ನಾನು ಬಿ.ಎ. ಓದಿದವಳು, ವಿಜ್ಞಾನದ ಟೀಚರಲ್ಲ. ಆದರೂ ಇದು ತಿಳಿಯದಷ್ಟು ಕಠಿಣವಲ್ಲ. ಅಂಡಾಶಯದಿಂದ ತಿಂಗಳಿಗೊಂದು ಅಂಡ ಬಿಡುಗಡೆಯಾದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹುಟ್ಟಿ ಚೀಲದ ಒಳಪದರವನ್ನು ಹದದಲ್ಲಿ ಇಡುತ್ತದೆ. ಅಂಡ ಬಿಡುಗಡೆಯಾಗದ ತಿಂಗಳು ಈಸ್ಟ್ರೋಜನ್ ಒಂದೇ ಕೆಲಸ ಮಾಡಿ ಪದರ ದಪ್ಪವಾಗುತ್ತದೆ, ಆಮೇಲೆ ಕಟ್ಟೆ ಒಡೆದಂತೆ ಹರಿಯುತ್ತದೆ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಾಗ ಹೀಗಾಗುವುದು ತೀರ ಸಾಮಾನ್ಯ. ಅಂಡಾಶಯದ ಪಿ.ಸಿ.ಓ.ಎಸ್. ತೊಂದರೆ ಇರುವ ಹುಡುಗಿಯರಿಗೂ ಹೀಗಾಗಬಹುದು. ಗಂಟಲ ಬಳಿಯ ಥೈರಾಯ್ಡ್ ಗ್ರಂಥಿ ಮಂದವಾದರೂ ರಕ್ತ ಹೆಚ್ಚು ಹೋಗುವುದುಂಟು. ಅದಕ್ಕೆ ಮದ್ದು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನುಂಗುವ ಒಂದು ಸಣ್ಣ ಗುಳಿಗೆ! ಗಂಟಲಿನ ರೋಗಕ್ಕೆ ಹೊಟ್ಟೆ ಕೊಯ್ಯುವ ವೈದ್ಯಕ್ಕೆ ಏನೆನ್ನಬೇಕು?

ಶಸ್ತ್ರಚಿಕಿತ್ಸೆ ಬೇಡವೇ ಬೇಡ ಎನ್ನುತ್ತಿಲ್ಲ. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆಗಳು ಕಾಡುತ್ತಿದ್ದರೆ, ಚೀಲ ಪೂರ್ತಿ ಜಾರಿದ್ದರೆ, ಔಷಧಿಗೆ ರಕ್ತ ಬಗ್ಗದಿದ್ದರೆ ಅದು ಜೀವ ಉಳಿಸುತ್ತದೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರಂತೂ ಒಂದು ವಾರವೂ ತಡಮಾಡಬಾರದು. ಆದರೆ ಬಿಳಿ ಹೋಗುತ್ತದೆ ಎಂದವಳಿಗೆ “ಕ್ಯಾನ್ಸರ್ ಆಗ್ತದ, ಈಗಲೇ ತೆಗೆಸು” ಎಂದು ಹೆದರಿಸುವುದು ವೈದ್ಯವಲ್ಲ, ವ್ಯಾಪಾರ.

ಈ ವ್ಯಾಪಾರ ಎಲ್ಲಿಗೆ ಮುಟ್ಟುತ್ತದೆಂದು ನಮ್ಮದೇ ಸೀಮೆಯ ಕಲಬುರಗಿಯಲ್ಲಿ 2015ರಲ್ಲಿ ಬಯಲಾಯಿತು. ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು, ಅದರಲ್ಲೂ ನಲವತ್ತು ದಾಟದವರು ಎಷ್ಟೋ ಮಂದಿ, ಖಾಸಗಿ ಆಸ್ಪತ್ರೆಗಳಲ್ಲಿ ಬೇಡದ ಶಸ್ತ್ರಚಿಕಿತ್ಸೆಗೆ ಗುರಿಯಾಗಿದ್ದರು. 2017ರಲ್ಲಿ ಅವರೇ ಬೀದಿಗಿಳಿದು ನ್ಯಾಯ ಕೇಳಿದರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಇಂಥದೇ ಕಥೆ ದೇಶಕ್ಕೆ ತಿಳಿಯಿತು. ಮುಟ್ಟಾದ ದಿನ ಕೆಲಸ ತಪ್ಪಿದರೆ ಅಲ್ಲಿ ದಂಡ. ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ನಾಟಿಗೆ ಬಗ್ಗುವ, ಬೆಂಗಳೂರಿಗೆ ಗುಳೆ ಹೋಗುವ ನಮ್ಮ ಹೆಂಗಸರಿಗೆ ಆ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ತೆಗೆಸಿದ ಮೇಲೆ ಪಾಡು ತಪ್ಪುತ್ತದೆ ಎನ್ನುತ್ತಾರಲ್ಲ, ಅದೂ ಅರ್ಧ ಮಾತು. ಚೀಲದ ಜೊತೆ ಅಂಡಾಶಯಗಳನ್ನೂ ತೆಗೆದರೆ ಐವತ್ತರ ಸುಮಾರಿಗೆ ಮೆಲ್ಲಗೆ ಬರಬೇಕಾದದ್ದು ಮೂವತ್ತೈದಕ್ಕೆ ಒಂದೇ ರಾತ್ರಿಯಲ್ಲಿ ಬಂದು ಕೂರುತ್ತದೆ. ಮೈ ಕಾದು ಬೆವರುವುದು, ನಿದ್ದೆ ಹಾರುವುದು, ಎಲುಬು ಸವೆಯುವುದು, ಹೃದಯದ ಕಾಯಿಲೆ ಬೇಗ ಬರುವ ಭಯ. ಅಂಡಾಶಯ ಉಳಿಸಿದರೂ ಅವು ಕೆಲವು ವರ್ಷ ಮೊದಲೇ ಸೋಲಬಹುದು. ಸೊಂಟ ಹಿಡಿದುಕೊಂಡು ಕೂತವಳನ್ನು “ಮೈಗಳ್ಳಿ” ಎನ್ನುವ ಅತ್ತೆಗೆ ಇದನ್ನು ಯಾವ ಡಾಕ್ಟರೂ ಹೇಳಿರುವುದಿಲ್ಲ.

ಹಾಗಾಗಿ ಅಕ್ಕತಂಗಿಯರೇ, ಕಾಗದಕ್ಕೆ ಸಹಿ ಹಾಕುವ ಮುಂಚೆ ಬಾಯಿಬಿಟ್ಟು ಕೇಳಿ. ನನ್ನ ಹಿಮೋಗ್ಲೋಬಿನ್ ಎಷ್ಟು? ಥೈರಾಯ್ಡಿನ ಟಿ.ಎಸ್.ಎಚ್. ನೋಡಿದಿರಾ? ಸ್ಕ್ಯಾನಿಂಗಿನಲ್ಲಿ ಏನು ಕಂಡಿತು? ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೇ? ಗುಳಿಗೆಯಿಂದ ಆಗುವುದಿಲ್ಲವೇ, ಹಾರ್ಮೋನು ಇರುವ ವಂಕಿ ಹಾಕಿದರೆ ಆಗುವುದಿಲ್ಲವೇ? ಅಂಡಾಶಯ ಯಾಕೆ ತೆಗೆಯುತ್ತೀರಿ? ಉತ್ತರ ಸರಿಬರದಿದ್ದರೆ ಕಾಗದಪತ್ರ ತೆಗೆದುಕೊಂಡು ರಾಯಚೂರಿನ ರಿಮ್ಸ್‌ನಲ್ಲಿ ಇನ್ನೊಬ್ಬ ವೈದ್ಯರಿಗೆ ತೋರಿಸಿ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಹೋಗುತ್ತದೆ, ನಿಜ. ಅದೇ ಗಂಡ ಆಪರೇಷನ್ನಿಗೆ ಬಡ್ಡಿಗೆ ಸಾಲ ತರುತ್ತಾನಲ್ಲ!

ರಾಜಸ್ಥಾನದ ಡಾ. ನರೇಂದ್ರ ಗುಪ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿದೆ. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದಿತು. ಜಿಲ್ಲೆ ಜಿಲ್ಲೆಗೂ ಉಸ್ತುವಾರಿ ಸಮಿತಿ ಇರಬೇಕೆಂಬುದು ಆ ಮಾರ್ಗಸೂಚಿಯಲ್ಲಿದೆ. ನಮ್ಮ ಸ್ತ್ರೀಶಕ್ತಿ ಸಂಘಗಳು ಸಾಲದ ಕಂತಿನ ಲೆಕ್ಕ ಪೈಸೆಗೆ ಪೈಸೆ ಬರೆಯುತ್ತವೆ. ಮುಂದಿನ ಸಭೆಯಲ್ಲಿ ಒಂದು ಅರ್ಜಿಯನ್ನೂ ಬರೆಯಲಿ: ಈ ಮೂರು ತಾಲೂಕುಗಳಲ್ಲಿ ಹೋದ ವರ್ಷ ನಲವತ್ತರೊಳಗಿನ ಎಷ್ಟು ಹೆಂಗಸರ ಚೀಲ ತೆಗೆದಿದ್ದಾರೆ, ಯಾವ ಆಸ್ಪತ್ರೆಯಲ್ಲಿ, ಏನು ಕಾರಣಕ್ಕೆ?