ಗದರುವುದಕ್ಕಷ್ಟೇ ಕನ್ನಡವೇ?

ಮಯೂರ್ ವಿಹಾರ್‌ನ ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗಳ ಜೊತೆ ನಾನು ಆಡುವ ಕನ್ನಡವನ್ನು ಒಂದು ದಿನ ಲೆಕ್ಕ ಹಾಕಿದೆ: ಊಟ ಮಾಡು, ಮಲಗು, ಮುಟ್ಟಬೇಡ, ಸುಮ್ಮನಿರು. ಅವಳ ಆಟ, ಜಗಳ, ನಗು ಎಲ್ಲವೂ ಹಿಂದಿಯಲ್ಲಿ. ಬರೀ ಗದರುವ ಭಾಷೆ ಯಾವ ಮಗುವಿಗೆ ತಾನೇ ಬೇಕು?

ನವೆಂಬರ್ ಬಂತೆಂದರೆ ಇದೇ ಮಕ್ಕಳನ್ನು ವೇದಿಕೆ ಹತ್ತಿಸಿ, ಅರ್ಥವಾಗದ ಪದ್ಯ ಉರು ಹೊಡೆಸಿ ಚಪ್ಪಾಳೆ ತಟ್ಟುತ್ತೇವೆ. ಊರಿನಿಂದ ತರುವ ಪುಸ್ತಕಗಳೂ ನೀತಿಕಥೆಗಳೇ. ಕೊನೆಯ ಪುಟದಲ್ಲಿ ಒಂದು ಉಪದೇಶ ಇರಲೇಬೇಕು. ಹೀಗೆ ಭಾಷೆ ಉಳಿಯುವುದಿಲ್ಲ.

ತಮಾಷೆಯ ಪುಸ್ತಕ ಕನ್ನಡದಲ್ಲೆಲ್ಲಿದೆ ಎನ್ನಬೇಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ದುಡ್ಡಿಲ್ಲದೆ ಓದಬಹುದು, ಇಳಿಸಿಕೊಳ್ಳಬಹುದು. ರೋಹಿಣಿ ನಿಲೇಕಣಿಯವರ ಶೃಂಗೇರಿ ಶ್ರೀನಿವಾಸನನ್ನೇ ನೋಡಿ. ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳಲು ಹೊರಟ ಅವನಿಗೆ ಕ್ಷೌರಿಕನೂ ಸಿಗುವುದಿಲ್ಲ, ಹೆಂಡತಿಯೂ ಒಪ್ಪುವುದಿಲ್ಲ, ದರ್ಜಿಯೂ ಇಲ್ಲವೆನ್ನುತ್ತಾನೆ. ನೀತಿ? ಹುಡುಕಬೇಡಿ. ಪುಸ್ತಕದ ಕನ್ನಡ ಗಟ್ಟಿ ಎನಿಸಿದರೆ ಹುಬ್ಬಳ್ಳಿಯವರು ಹುಬ್ಬಳ್ಳಿ ಮಾತಿನಲ್ಲಿ, ಕುಂದಾಪುರದವರು ಕುಂದಾಪುರದ ಮಾತಿನಲ್ಲಿ ಓದಿ. ಒಬ್ಬೊಬ್ಬರಿಗೆ ಒಂದೊಂದು ದನಿ ತೆಗೆಯಿರಿ.

ನೋಯ್ಡಾದ ಆಫೀಸಿನಿಂದ ಬರುವಷ್ಟರಲ್ಲಿ ರಾತ್ರಿ ಎಂಟಾಗುತ್ತದೆ, ಪುರುಸೊತ್ತೆಲ್ಲಿ ಎನ್ನುತ್ತೀರಿ. ನಾನೂ ಹಾಗೇ ಹೇಳುತ್ತಿದ್ದೆ. ಮಲಗುವ ಮುಂಚಿನ ಹತ್ತು ನಿಮಿಷ ಸಾಕು. ಆ ಕ್ಷೌರಿಕನ ಮಾತನ್ನು ನಾನು ಮೂಗಿನಲ್ಲಿ ಎಳೆದು ಓದಿದಂದಿನಿಂದ, ಊಟಕ್ಕೆ ಕರೆದರೆ ಮಗಳು ಅದೇ ದನಿಯಲ್ಲಿ "ನಂಗೆ ಪುರುಸೊತ್ತಿಲ್ಲ" ಎನ್ನುತ್ತಾಳೆ. ಅವಳು ಕನ್ನಡದಲ್ಲಿ ಮಾಡಿದ ಮೊದಲ ತಮಾಷೆ ಅದು. ಗದರಲಿಲ್ಲ.