ಚೊಚ್ಚಲ ಹೆರಿಗೆ: ವರದಕ್ಷಿಣೆಯ ಎರಡನೇ ಕಂತು

ನನ್ನ ಮೊದಲ ಮಗು ಹುಟ್ಟಿದ್ದು 1994ರ ಮಳೆಗಾಲದಲ್ಲಿ, ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೊಂಟದಲ್ಲಿ ಶುರುವಾದ ನೋವು ಮಾರನೆಯ ದಿನ ಮಧ್ಯಾಹ್ನದವರೆಗೂ ಬಿಡಲಿಲ್ಲ. ಮೊದಮೊದಲು ಬಂದು ಬಂದು ಹೋಗುತ್ತಿತ್ತು. ಬಂದಾಗ ಮಂಚದ ಕಂಬಿ ಹಿಡಿಯುತ್ತಿದ್ದೆ, ಬಿಟ್ಟಾಗ ಬೆವರು ಒರೆಸಿಕೊಳ್ಳುತ್ತಿದ್ದೆ. ನಡುರಾತ್ರಿ ಕಳೆದ ಮೇಲೆ ಬಿಡುವೇ ಇಲ್ಲ. ಅವ್ವನನ್ನು ಬಾಗಿಲಾಚೆ ನಿಲ್ಲಿಸಿದ್ದರು. ಗಂಟಲು ಒಣಗಿ ನೀರು ಕೇಳಿದರೆ ಕೊಡುವವರಿಲ್ಲ. ತಡೆಯಲಾರದೆ ಒಮ್ಮೆ ಜೋರಾಗಿ ಕೂಗಿದೆ. ಆಯಾ ಬಂದು ತೊಡೆಯ ಮೇಲೆ ಬಾರಿಸಿ, "ಗಂಡನ ಪಕ್ಕ ಮಲಗುವಾಗ ಈ ಕೂಗು ಎಲ್ಲಿಗೆ ಹೋಗಿತ್ತು? ಬಾಯಿ ಮುಚ್ಕೊಂಡು ತಿಣುಕು" ಎಂದಳು. ಪಕ್ಕದ ಮಂಚದಲ್ಲಿ ನೋವು ತಿನ್ನುತ್ತಿದ್ದ ಹೆಂಗಸು ಮುಖ ಆಚೆ ತಿರುಗಿಸಿದಳು. ಅವಳಿಗೂ ಅದೇ ಮಾತು ಬಿದ್ದಿತ್ತು.

ಮಗು ಬಂತು. "ಹೆಣ್ಣು" ಎಂದಳು ಆಯಾ. ಗಂಡಾದರೆ 100 ರೂಪಾಯಿ, ಹೆಣ್ಣಾದರೆ 50, ಅದು ಅಲ್ಲಿಯ ದರ. ಅವ್ವ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಆ ಗಂಟಿನಲ್ಲಿದ್ದದ್ದು ಅವಳ ಓಲೆ ಗಿರವಿ ಇಟ್ಟ ದುಡ್ಡು ಎಂಬುದು ನನಗೆ ಆಮೇಲೆ ತಿಳಿಯಿತು.

ಮಗುವನ್ನು ಎದೆಯ ಮೇಲೆ ಮಲಗಿಸಿದಾಗ ಅದು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದು ಹಾಲು ಹುಡುಕಿತು. ಹದಿನೆಂಟು ಗಂಟೆಯ ನೋವನ್ನು ಆ ಗಳಿಗೆ ಮರೆಸಿತು ಎಂದು ಹೇಳಲಾರೆ, ನೋವು ನೆನಪಿದೆ. ಆದರೆ ಆ ಗಳಿಗೆ ನನ್ನದು, ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡದ್ದು ಅದರ ನಂತರದ ಹನ್ನೊಂದು ತಿಂಗಳನ್ನು. ನಾನು ಬರೆಯಹೊರಟಿರುವುದು ಅದರ ಬಗ್ಗೆ.

ಹೆಸರಿಡುವ ದಿನ ಗಂಡನ ಮನೆಯವರು ಬಂದರು. ಊಟ ಮಾಡಿದರು. ಮಗುವಿಗೆ ಬೆಳ್ಳಿ ಉಡಿದಾರ, ಕಾಲ್ಕಡಗ ಹಾಕಿದ್ದನ್ನು ಕೈಯಲ್ಲಿ ತೂಗಿ ನೋಡಿದರು. ಅಳಿಯನಿಗೆ ಉಂಗುರ ಎಲ್ಲಿ ಎಂದರು. ಹೊರಡುವ ಮುಂಚೆ ನನ್ನ ಅತ್ತೆ ಅಪ್ಪನಿಗೆ ಹೇಳಿದ ಮಾತು ಇದು: "ಮದುವೇಲಿ ಒಪ್ಪಿಕೊಂಡ ಸ್ಕೂಟರಿಂದೂ ಬಾಕಿ ಐತೆ ಬೀಗರೇ. ಹುಟ್ಟಿದ್ದೂ ಹೆಣ್ಣು. ಎಲ್ಲಾ ಸರಿ ಮಾಡಿ ಹೇಳಿ ಕಳಿಸಿ, ಬಂದು ಕರಕೊಂಡು ಹೋಗ್ತೀವಿ." ಮೂರು ತಿಂಗಳ ಬಾಣಂತನ ಮುಗಿಯಿತು, ಐದು ತಿಂಗಳಾಯಿತು, ಯಾರೂ ಬರಲಿಲ್ಲ. ಊರಿನವರು "ಯಾವಾಗ ಹೋಗ್ತೀಯವ್ವ?" ಎಂದು ಕೇಳತೊಡಗಿದರು. ನಾನೇ ಅಪ್ಪನ ಹತ್ತಿರ, ಹೇಗಾದರೂ ಮಾಡಿ ಕೊಟ್ಟುಬಿಡಿ ಎಂದು ಅತ್ತೆ. ಹನ್ನೊಂದನೆಯ ತಿಂಗಳು ಅಪ್ಪ ಜೋಡಿ ಎತ್ತು ಮಾರಿದರು. ಮರುವಾರವೇ ಗಂಡ ಬಂದು ನಮ್ಮನ್ನು ಕರೆದುಕೊಂಡು ಹೋದ.

ಸೋದರಿಯರೇ, ಇದು ನನ್ನೊಬ್ಬಳ ಕತೆಯಾಗಿದ್ದರೆ ಇಷ್ಟು ವರ್ಷದ ಮೇಲೆ ಎತ್ತಿ ಆಡುವ ಅಗತ್ಯವಿರಲಿಲ್ಲ. ಆ ಮನೆ ಬಿಟ್ಟು ಸಂಘಟನೆಗೆ ಬಂದ ಮೇಲೆ ನಾನು ಕೂತು ಕೇಳಿದ ದೂರುಗಳಲ್ಲಿ ಎಷ್ಟೋ ಶುರುವಾಗುವುದು ಇದೇ ಮಾತಿನಿಂದ: "ಹೆರಿಗೆಗೆ ಅಂತ ತವರಿಗೆ ಬಂದೆ ಮೇಡಂ, ಆಮೇಲೆ ಕರಕೊಂಡು ಹೋಗಲೇ ಇಲ್ಲ."

ವರದಕ್ಷಿಣೆ ಎಂದರೆ ನಮ್ಮ ಕಣ್ಣಿಗೆ ಮದುವೆ ಚಪ್ಪರ ಬರುತ್ತದೆ, ಸಿಡಿದ ಸ್ಟೌ ಬರುತ್ತದೆ. ಇವೆರಡರ ನಡುವೆ ಇರುವ ತೊಟ್ಟಿಲು ಕಾಣುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯ ನೆರಳಿನಲ್ಲಿ ಸೀಮಂತದ ಸೀರೆಯಿಂದ ಹಿಡಿದು ಆಸ್ಪತ್ರೆ ಬಿಲ್ಲು, ತೊಟ್ಟಿಲು, ಮಗುವಿನ ಸರ, ಬೀಗರ ಬಟ್ಟೆಯವರೆಗೆ ಒಂದು ದೊಡ್ಡ ಪಟ್ಟಿ ಹೆಣ್ಣಿನ ಕಡೆಯವರ ಹೆಗಲಿಗೆ ಬೀಳುತ್ತದೆ. ಮದುವೆ ಸಾಲ ತೀರುವ ಮೊದಲೇ ಬರುವ ಎರಡನೇ ಕಂತು ಇದು. ಈ ಕಂತಿಗೆ ಒತ್ತೆಯಾಗಿ ಇಡುವುದು ಹಸಿ ಬಾಣಂತಿಯನ್ನು, ಅವಳ ಮಡಿಲ ಕೂಸನ್ನು.

"ತವರಿನ ಬಾಣಂತನ ಒಳ್ಳೆಯ ಪದ್ಧತಿಯಲ್ಲವೇ, ಅದನ್ನೂ ಬೇಡ ಎನ್ನುತ್ತೀರಾ?" ಎಂದು ಕೇಳುವವರಿದ್ದಾರೆ. ಬೇಡ ಎನ್ನುವುದಿಲ್ಲ. ಗಂಡನ ಮನೆಯ ಗೇಯ್ಮೆಯಿಂದ ಹೆಣ್ಣಿಗೆ ನಾಲ್ಕು ತಿಂಗಳು ಬಿಡುವು ಸಿಗುವುದು ಅಲ್ಲೇ. ಅವ್ವನ ಕೈಯ ಬಿಸಿನೀರು, ಬಾಣಂತಿ ಖಾರ, ಮಗು ಅತ್ತರೆ ಎತ್ತಿಕೊಳ್ಳುವ ಇನ್ನೊಂದು ಜೀವ, ಇವು ನಮಗೆ ಬೇಕು. ನಾವು ಕೇಳುತ್ತಿರುವುದು ಒಂದೇ ಪ್ರಶ್ನೆ. ಮಗುವಿನ ಇನಿಷಿಯಲ್ಲು ಅಪ್ಪನದು, ಮನೆತನ ಅಪ್ಪನದು, ದಾಖಲೆಯಲ್ಲಿ ಊರು ಅಪ್ಪನದು. ಅದನ್ನು ಹೆರುವ ಖರ್ಚು ಮಾತ್ರ ಅಮ್ಮನ ಅಪ್ಪನದು ಯಾಕೆ?

"ಯಾರೂ ಕೇಳಲಿಲ್ಲ, ಅವರೇ ಪ್ರೀತಿಯಿಂದ ಕೊಟ್ಟರು" ಎಂಬುದು ಇನ್ನೊಂದು ಉತ್ತರ. ಕೊಡದಿದ್ದರೆ ಮಗಳು ತವರಲ್ಲೇ ಕೊಳೆಯುತ್ತಾಳೆ ಎಂಬ ಹೆದರಿಕೆಯಿಂದ ಕೊಟ್ಟದ್ದನ್ನು ಪ್ರೀತಿ ಎಂದು ಕರೆಯುವ ಭಾಷೆ ಯಾವುದು?

ಇಲ್ಲಿ ಕಾನೂನಿನ ಮಾತು ಹೇಳಲೇಬೇಕು. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1984 ಮತ್ತು 1986ರಲ್ಲಿ ತಿದ್ದುಪಡಿಗಳಾದವು. ಮದುವೆಗೆ ಸಂಬಂಧಿಸಿದಂತೆ ಮೊದಲು ಕೊಟ್ಟರೂ, ಧಾರೆಯ ಹೊತ್ತಿಗೆ ಕೊಟ್ಟರೂ, ಆಮೇಲೆ ಯಾವಾಗ ಕೊಟ್ಟರೂ ಅದು ವರದಕ್ಷಿಣೆ ಎಂದಾಯಿತು. ಆದರೆ 2001ರಲ್ಲಿ ಪಂಜಾಬಿನ ಸತ್ವೀರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಗುವಿನ ಜನನಕ್ಕೆ ಸಂಬಂಧಿಸಿ ರೂಢಿಯಂತೆ ಕೊಡುವುದು ವರದಕ್ಷಿಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ರೂಢಿ! ಮದುವೆಯಲ್ಲಿ ಕೊಡುವುದೂ ರೂಢಿಯೇ ಅಲ್ಲವೇ? ರೂಢಿ ಎಂಬ ಒಂದೇ ಪದದಿಂದ ತೊಟ್ಟಿಲ ಸುತ್ತ ನಡೆಯುವ ಸುಲಿಗೆಗೆ ಮರೆ ಸಿಕ್ಕಿತು.

2022ರ ಜನವರಿಯಲ್ಲಿ ಅದೇ ನ್ಯಾಯಾಲಯ ಬೇರೆ ದಾರಿ ತೋರಿತು. ಮಧ್ಯಪ್ರದೇಶದ ಆ ಪ್ರಕರಣದಲ್ಲಿ ಬೆಂಕಿಗೆ ಬಲಿಯಾದ ಹೆಣ್ಣು 5 ತಿಂಗಳ ಗರ್ಭಿಣಿ. ಮನೆ ಕಟ್ಟಲು ತವರಿನಿಂದ ಹಣ ತರುವಂತೆ ಅವಳನ್ನು ಪೀಡಿಸುತ್ತಿದ್ದರು. ಹೈಕೋರ್ಟು, ಹಣ ಕೇಳಿದವಳು ಅವಳೇ, ಆದ್ದರಿಂದ ವರದಕ್ಷಿಣೆಯಲ್ಲ ಎಂದಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಕೇಳುವಂತೆ ಮಾಡಿದವರು ಯಾರು ಎಂದು ನೋಡಿತು. ವರದಕ್ಷಿಣೆ ಎಂಬ ಪದಕ್ಕೆ ವಿಶಾಲವಾದ ಅರ್ಥ ಕೊಡಬೇಕು ಎಂದಿತು. ಹನ್ನೊಂದು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನ ಮುಂದೆ ಅತ್ತ ನನಗೆ ಈ ಮಾತು ಅರ್ಥವಾಗುತ್ತದೆ. ಕೇಳಿದ್ದು ನನ್ನ ಬಾಯಿ, ಕೇಳಿಸಿದ್ದು ಆ ಮನೆ.

ತೊಟ್ಟಿಲ ಪಟ್ಟಿಗೂ ಇದೇ ಅರ್ಥ ಅನ್ವಯವಾಗಬೇಕು ಎಂಬುದು ನಮ್ಮ ಒತ್ತಾಯ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಾಗಿದೆ. ಆಸ್ತಿಗಾಗಲಿ ಬೆಲೆಬಾಳುವ ವಸ್ತುವಿಗಾಗಲಿ ಕಾನೂನುಬಾಹಿರ ಬೇಡಿಕೆ ಇಟ್ಟು ಹೆಂಡತಿಯನ್ನು ಪೀಡಿಸುವುದೇ ಅಲ್ಲಿ ಕ್ರೌರ್ಯ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ, ಮನೆ ಯಾರ ಹೆಸರಿನಲ್ಲೇ ಇರಲಿ. ಗಂಡು ಹೆರಲಿಲ್ಲ ಎಂದು ಹಂಗಿಸುವುದನ್ನು ಆ ಕಾಯ್ದೆ ಹೆಸರಿಟ್ಟು ದೌರ್ಜನ್ಯ ಎಂದಿದೆ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ ಎಂದು ಶಾಲೆಯಲ್ಲಿ ಕಲಿಸುತ್ತೇವೆ, ಮನೆಯಲ್ಲಿ ಸೊಸೆಯನ್ನು ಹಂಗಿಸುತ್ತೇವೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ ಬಂದದ್ದು ನನ್ನ ಮಗಳು ಹುಟ್ಟಿದ 1994ರಲ್ಲೇ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಅದೇ ದಂಧೆ ನಡೆಯುತ್ತಿದ್ದುದು ಬಯಲಾಯಿತು. ಮೊದಲನೆಯದು ಹೆಣ್ಣಾಗಿ ಹಂಗಿಸಿಕೊಂಡವಳನ್ನು ಎರಡನೇ ಬಸಿರಿನಲ್ಲಿ ಇಂಥ ಕಡೆಗೆ ಎಳೆದೊಯ್ಯುತ್ತಾರೆ.

ಇನ್ನು ಆಸ್ಪತ್ರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆ. ಒಳ್ಳೆಯದು. ಅದೇ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಕಂಡವರು. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಿ. ಗಂಡನ ಏಟು ತಿಂದ ಹೆಂಗಸು ಬಸುರಿಯಾಗಿ ಡಾಕ್ಟರ ಮುಂದೆ, ನರ್ಸಿನ ಮುಂದೆ ಬಂದೇ ಬರುತ್ತಾಳೆ. ಅಲ್ಲಿ ಒಬ್ಬರು, "ಏನಮ್ಮ, ಮನೆಯಲ್ಲಿ ಹೊಡೀತಾರಾ?" ಎಂದು ಮೆತ್ತಗೆ ಕೇಳಿದರೆ ಎಷ್ಟು ಜೀವ ಉಳಿದಾವು! ಕೇಳುವ ಬದಲು ನಾವೇ ತೊಡೆಗೆ ಬಾರಿಸಿ "ತಡ್ಕೋ" ಎಂದರೆ, ಮನೆಯಲ್ಲಿ ಕಲಿತ ಪಾಠವನ್ನೇ ಆಸ್ಪತ್ರೆಯೂ ಹೇಳಿಕೊಟ್ಟಂತೆ. ಹೆರಿಗೆ ನೋವಿನಲ್ಲಿ ಕೂಗುವುದೇ ತಪ್ಪು ಎಂದು ಕಲಿತವಳು ಸೀಮೆಎಣ್ಣೆ ಸುರಿಯುವಾಗ ಕೂಗುತ್ತಾಳೆಯೇ? ಆ ಆಯಾಳ ಮೇಲೆ ನನಗೆ ಇವತ್ತು ಸಿಟ್ಟಿಲ್ಲ. ರಾತ್ರಿಯಿಡೀ ಒಬ್ಬಳೇ ಆ ವಾರ್ಡು ತೊಳೆದವಳು ಅವಳು, ಅವಳೂ ಎಲ್ಲಿಯೋ ಆ ಪಾಠ ಕಲಿತವಳೇ.

ಆದ್ದರಿಂದ ಓದುಗ ಸೋದರಿಯರು ಇವನ್ನು ತಿಳಿದಿರಲಿ, ನೆರೆಹೊರೆಗೂ ಹೇಳಲಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಸಿಸೇರಿಯನ್, ಔಷಧಿ, ರಕ್ತ, ಊಟ, ಎಲ್ಲವೂ ಸೇರಿ. ಗಂಡಿಗಿಷ್ಟು, ಹೆಣ್ಣಿಗಿಷ್ಟು ಎಂಬ ದರ ಲಂಚ, ಅದನ್ನು ಕೊಡಬೇಡಿ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಣ್ಣುಮಗಳು ಇರಲು 2016ರಿಂದ ಕೇಂದ್ರ ಸರ್ಕಾರದ ಒಪ್ಪಿಗೆ ಇದೆ, ಕೇಳಿ ಪಡೆಯಿರಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿಯನ್ನು ಸಂರಕ್ಷಣಾಧಿಕಾರಿಯ ಮೂಲಕ ಕೊಡಬಹುದು. ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ತೀರ್ಮಾನ ಎಂದು ಕಾಯ್ದೆಯೇ ಹೇಳಿದೆ. ಅದು ಪಾಲನೆಯಾಗದಿದ್ದರೆ ಗುಂಪಾಗಿ ಹೋಗಿ ಕೇಳೋಣ. ಮಹಿಳಾ ಸಹಾಯವಾಣಿ 181. "ಕೊಟ್ಟದ್ದೂ ಅಪರಾಧ, ದೂರು ಕೊಟ್ಟರೆ ನಾವೇ ಸಿಕ್ಕಿಬೀಳುತ್ತೇವೆ" ಎಂದು ಹೆದರುವ ತಂದೆತಾಯಿಗಳಿಗೆ ಒಂದು ಮಾತು: ನೊಂದವರು ಕೊಡುವ ಹೇಳಿಕೆಯ ಮೇಲೆ ಅವರನ್ನೇ ಮೊಕದ್ದಮೆಗೆ ಗುರಿಪಡಿಸುವಂತಿಲ್ಲ ಎಂದು ವರದಕ್ಷಿಣೆ ನಿಷೇಧ ಕಾಯ್ದೆಯ 7ನೇ ಕಲಂನಲ್ಲಿದೆ.

ಕೊನೆಯದಾಗಿ ನನ್ನ ಮನೆಯ ಮಾತು. ಅವತ್ತು ಹುಟ್ಟಿದ ಮಗಳು ಈಗ ತುಂಬು ಬಸುರಿ. ಬೀಗರು ಒಳ್ಳೆಯವರು, ಓದಿದವರು. ಸೀಮಂತದ ಮಾತು ಬಂದಾಗ ನಯವಾಗಿಯೇ ಹೇಳಿದರು: "ನಮಗೇನೂ ಬೇಡ, ಆಸ್ಪತ್ರೆ ಮಾತ್ರ ಒಳ್ಳೇದು ನೋಡಿ. ಮಗುವಿಗೆ ನಿಮ್ಮ ಸಂತೋಷಕ್ಕೆ ಏನು ಹಾಕ್ತೀರೋ ಹಾಕಿ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಾಷಣ ಮಾಡುವುದು ಸುಲಭ, ಸ್ವಂತ ಮಗಳ ವಿಷಯಕ್ಕೆ ಬಂದಾಗ ಕೈ ತಾನಾಗಿ ಬೀರುವಿನ ಕಡೆ ಹೋಗುತ್ತದೆ. ಬೆಳಿಗ್ಗೆ ಫೋನು ಮಾಡಿ ಹೇಳಿದೆ: "ಬಾಣಂತನಕ್ಕೆ ಮಗಳು ನಮ್ಮಲ್ಲೇ ಇರಲಿ. ಆಸ್ಪತ್ರೆ ಖರ್ಚು ನಿಮ್ಮ ಮಗ ಕೊಡಲಿ, ಮಗು ಅವನದೂ ಹೌದಲ್ಲ. ಚಿನ್ನ ಹಾಕುವುದಿಲ್ಲ. ಎಂದು ಕರೆದುಕೊಂಡು ಹೋಗುತ್ತೀರಿ ಎಂಬ ದಿನವನ್ನು ಈಗಲೇ ಹೇಳಿ." ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದಿನ ಹೇಳಿದರು.

ಕೇಳಿದರೆ ಸಂಬಂಧ ಮುರಿಯುತ್ತದೆ ಎಂದು ನಮ್ಮ ಅವ್ವಂದಿರು ಓಲೆ ಗಿರವಿ ಇಟ್ಟರು. ಇಷ್ಟು ಕೇಳಿದ್ದಕ್ಕೆ ಮುರಿಯುವ ಸಂಬಂಧ ಮುರಿಯುವುದಾದರೆ ಮೊದಲೇ ಮುರಿಯಲಿ, ಹೆಣ್ಣು ಬದುಕಿರುವಾಗ. ನಿಮ್ಮ ಮನೆಯ ಮುಂದಿನ ಸೀಮಂತದಲ್ಲಿ ಆ ಪಟ್ಟಿಯನ್ನು ಯಾರು ಹರಿಯುತ್ತೀರಿ?